ಕಂಕಣದ ನೂಲು

(ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಸೀಮೆಯ ಗೃಹಸ್ಥರ ಮುಂದೆ ಮಾಡಿದ ಭಾಷಣ)



ಒಂದು ಕಾರ್ಯಕ್ಕೆ ಕಂಕಣ ಕಟ್ಟಿ ನಿಲ್ಲಬೇಕೆಂಬ ಮಾತನ್ನು ಸಭೆಗಳಲ್ಲಿ ಎಷ್ಟೋ ಸಲ ಕೇಳಿದ್ದೇವೆ. ಆ ಕಂಕಣದ ನೂಲು ಎಲ್ಲಿಯದು, ಅದನ್ನು ಹೊಸೆದ ಕೈ ಯಾರದು ಎಂದು ವಿಚಾರಿಸಿದವರು ವಿರಳ. ಆ ಸಣ್ಣ ಪ್ರಶ್ನೆಯನ್ನೇ ಹಿಡಿದುಕೊಂಡು ಈ ಹೊತ್ತು ನಾಲ್ಕು ಮಾತುಗಳನ್ನು ಅರಿಕೆ ಮಾಡಿಕೊಳ್ಳುವೆನು.

ಕೂಸಿನ ಸೊಂಟಕ್ಕೆ ಉಡಿದಾರ. ಮದುವೆಯಲ್ಲಿ ಅರಿಸಿನಕೊಂಬಿನ ಕಂಕಣ. ಗೌರಿಯ ಹಬ್ಬಕ್ಕೆ ೧೬ ಗಂಟಿನ ದಾರ, ಅನಂತನ ವ್ರತಕ್ಕೆ ೧೪ ಗಂಟಿನ ದಾರ. ಉಪನೀತನಿಗೆ ನಾಲ್ಕು ಬೆರಳಿನ ಸುತ್ತ ೯೬ ಸಲ ಅಳೆದ ನೂಲಿನ ಜನಿವಾರ. ದಾರವಿಲ್ಲದೆ ನಮ್ಮಲ್ಲಿ ಯಾವ ಶುಭವೂ ನಡೆಯದು. ಅಡಕೆಯ ಮರವೇರುವ ಕೊನೆಗಾರನೂ ಕಾಲಿಗೆ ಬಳೆಯಂತೆ ಕುಣಿಕೆ ಹಾಕಿಕೊಂಡೇ ಏರುವನು. ಈ ಸೀಮೆಯ ಸಂಪತ್ತೆಲ್ಲ ಆ ಬಳೆಯ ಮೇಲೆ ನಿಂತಿತ್ತೆಂದರೂ ಸಲ್ಲುವುದು.

ಆ ಸಂಪತ್ತು ಈಗ ಕರಗುತ್ತಿದೆ. ಹಳದಿ ಎಲೆ ರೋಗವು ಈ ಮೂರೂ ತಾಲೂಕುಗಳ ತೋಟಗಳನ್ನು ದಶಕಗಳಿಂದ ತಿನ್ನುತ್ತಿದೆ. ಅದನ್ನು ಗುಣಪಡಿಸುವ ಮದ್ದು ಇನ್ನೂ ದೊರೆತಿಲ್ಲ. ಇತ್ತೀಚೆಗೆ ಎಲೆಚುಕ್ಕಿ ರೋಗವೂ ಬಂದೆರಗಿದೆ. ತರುಣರು ಬೆಂಗಳೂರಿನ ದಾರಿ ಹಿಡಿದಿರುವರು. ಮನೆಯಲ್ಲಿ ಉಳಿದ ಹೆಂಗಸರಿಗೂ ಮುದುಕರಿಗೂ, ಜಗಲಿ ಬಿಟ್ಟಿಳಿಯದೆ ನಾಲ್ಕು ಕಾಸು ತರುವ ಕೆಲಸ ಯಾವುದಿದೆ?

ಮಗ್ಗವೆಂದ ಕೂಡಲೇ ಮಲೆನಾಡಿಗರು ಅದು ಬಯಲುಸೀಮೆಯ ವಿದ್ಯೆಯೆಂದು ತಲೆಯಾಡಿಸುವರು. ಅದಕ್ಕೆ ಕಾರಣವಿಲ್ಲದೆ ಇಲ್ಲ. ಈ ಮಳೆಯಲ್ಲಿ ಹತ್ತಿಯ ಬೆಳೆ ನಿಲ್ಲದು. ನೆಲದಲ್ಲಿ ಕುಣಿ ತೋಡಿ ಮಗ್ಗ ಹೂಡಿದರೆ ಆಷಾಢದಲ್ಲಿ ಕುಣಿಯ ತುಂಬ ನೀರು ಜಿನುಗುವುದು. ಆದರೆ ಪಟ್ಟಿ ನೇಯುವ ಮಗ್ಗಕ್ಕೆ ಕುಣಿಯೂ ಬೇಡ, ಕೋಣೆಯೂ ಬೇಡ. ಬಿದಿರಿನ ತೆಳುವಾದ ಸೀಳುಗಳನ್ನು ಬಾಚಣಿಗೆಯಂತೆ ಸಾಲಾಗಿ ಕಟ್ಟಿ, ಪ್ರತಿಯೊಂದು ಸೀಳಿನ ನಟ್ಟನಡುವೆ ಒಂದು ತೂತು ಕೊರೆದರೆ ಅಚ್ಚು ಸಿದ್ಧವಾಯಿತು. ಹಾಸಿನ ಒಂದು ಎಳೆಯನ್ನು ತೂತಿನಲ್ಲಿಯೂ ಮುಂದಿನದನ್ನು ಎರಡು ಸೀಳುಗಳ ಸಂದಿನಲ್ಲಿಯೂ ಪೋಣಿಸುತ್ತ ಹೋಗಬೇಕು. ಹಾಸಿನ ಒಂದು ತುದಿಯನ್ನು ಜಗಲಿಯ ಕಂಬಕ್ಕೆ, ಇನ್ನೊಂದನ್ನು ನೇಯುವವಳ ಸೊಂಟಕ್ಕೆ ಕಟ್ಟುವುದು. ಅವಳು ತುಸು ಹಿಂದಕ್ಕೆ ಸರಿದರೆ ನೂಲು ಬಿಗಿಯುವುದು. ಅಚ್ಚನ್ನೆತ್ತಿದರೆ ತೂತಿನ ಎಳೆಗಳು ಮೇಲೇಳುವುವು, ಒತ್ತಿದರೆ ಕೆಳಗಿಳಿಯುವುವು. ಹೀಗೆ ತೆರೆದ ಬಾಯಿಯಲ್ಲಿ ಹೊಕ್ಕಿನ ನೂಲನ್ನು ಹಾಯಿಸಿ, ಮರದ ಅಲಗಿನಿಂದ ಬಡಿದು ಕೂಡಿಸಬೇಕು. ಹೊಕ್ಕನ್ನು ಬಿಗಿಯಾಗಿ ಎಳೆದರೆ ಅದು ಅಂಚಿನಲ್ಲಿ ಮಾತ್ರ ಕಾಣುವುದು. ಪಟ್ಟಿಯ ಬಣ್ಣವೆಲ್ಲ ಹಾಸಿನದೇ. ಯುರೋಪಿನ ಉತ್ತರದಂಚಿನ ಸಾಮಿ ಜನರು ಹಿಮಸಾರಂಗದ ಕೊಂಬಿನಿಂದ ಇಂಥದೇ ಅಚ್ಚು ಮಾಡಿ ಪಟ್ಟಿ ನೇಯುತ್ತ ಬಂದಿದ್ದಾರೆ. ನಮಗೆ ಬಿದಿರು ಸಾಲದೆ?

ಇನ್ನು ಬಣ್ಣ. ಇದರಲ್ಲಿ ನಾವು ಬಡವರಲ್ಲ. ಸುಲಿದ ಹಸಿಯಡಕೆಯನ್ನು ಬೇಯಿಸಿದ ಹಂಡೆಯಲ್ಲಿ ಉಳಿಯುವ ಚೊಗರು ಅಡಕೆಗೆ ಮಾತ್ರವಲ್ಲ, ನೂಲಿಗೂ ಹಿಡಿಯುವುದು. ಪಟಿಕದೊಡನೆ ಕೆಂಗಂದು, ಕಬ್ಬಿಣದ ತುಕ್ಕಿನ ನೀರಿನೊಡನೆ ಕರಿಗಂದು. ಇದು ಊಹೆಯ ಮಾತಲ್ಲ. ಸಾಗರ ತಾಲೂಕಿನ ಹೆಗ್ಗೋಡಿನ ಬಳಿಯ ಭೀಮನಕೋಣೆಯಲ್ಲಿ, ರಂಗಕರ್ಮಿ ಪ್ರಸನ್ನ ಅವರ ಪ್ರಯತ್ನದಿಂದ ೧೯೯೦ರ ದಶಕದಲ್ಲಿ ಹುಟ್ಟಿದ ‘ಚರಕ’ ಮಹಿಳಾ ಸಹಕಾರ ಸಂಘವು ಚೊಗರಿನಲ್ಲಿ ಅದ್ದಿದ ನೂಲಿನಿಂದ ಕೈಮಗ್ಗದ ಬಟ್ಟೆ ನೇಯಿಸಿ, ಮಲೆನಾಡಿನಲ್ಲಿ ನೇಯ್ಗೆ ಆಗದೆಂಬ ಮಾತನ್ನು ಸುಳ್ಳು ಮಾಡಿತು. ಆ ಸಂಘವೇ ೨೦೨೦ರಲ್ಲಿ ಹಣದ ಸಂಕಟಕ್ಕೆ ಸಿಲುಕಿತೆಂಬುದನ್ನು ಮರೆಮಾಚಲಾರೆನು. ನೇಯುವುದಕ್ಕಿಂತ ಮಾರುವುದು ಕಠಿನ. ಆದುದರಿಂದಲೇ ನಾನು ಸೀರೆ ಪಂಚೆಗಳನ್ನು ಬಿಟ್ಟು ಪಟ್ಟಿಯ ಮಾತನ್ನೆತ್ತಿದೆನು: ಅದಕ್ಕೆ ಬೇಕಾದ ನೂಲು ಅಲ್ಪ, ಬಂಡವಾಳವೂ ಅಲ್ಪ, ಮಾರದೆ ಉಳಿದರೂ ಮನೆ ಮುಳುಗದು.

ಶಾರದಾಂಬೆಯ ದರ್ಶನಕ್ಕೆ ಬರುವ ಯಾತ್ರಿಕರು ಊರಿಗೆ ಏನಾದರೂ ಒಯ್ಯಬಯಸುವರು. ಯಾತ್ರಾಸ್ಥಳಗಳ ಅಂಗಡಿಗಳಲ್ಲಿ ತೂಗುವ ಕೈದಾರಗಳು ಬಹುಮಟ್ಟಿಗೆ ಯಂತ್ರದ ಕೃತಕ ನೂಲಿನವು. ಅವುಗಳೊಡನೆ ಬೆಲೆಯಲ್ಲಿ ಹೋರಾಡಹೊರಟರೆ ನಮಗೆ ಸೋಲು ಖಂಡಿತ. ಹತ್ತಿ ಧಾರವಾಡ, ಹಾವೇರಿಗಳ ಎರೆನೆಲದ್ದು, ಬಣ್ಣ ಕೊಪ್ಪದ ಅಡಕೆಯದು, ನೇಯ್ದ ಕೈ ಇಂಥ ಊರಿನದು ಎಂದು ಹೇಳಿ ಮಾರಬೇಕು. ಕೈಪಟ್ಟಿಯೊಂದೇ ಅಲ್ಲ; ಚೀಲದ ಹಿಡಿ, ಲಂಗದ ಲಾಡಿ, ಪುಸ್ತಕ ಕಟ್ಟುವ ಪಟ್ಟಿ, ಇವೆಲ್ಲ ಒಂದೇ ಅಚ್ಚಿನಲ್ಲಿ ಆಗತಕ್ಕವು.

ಕೊನೆಯದಾಗಿ ಕಾಲದ ವಿಚಾರ. ಚೊಗರು ದೊರೆಯುವುದು ಕೊಯ್ಲಿನ ದಿನಗಳಲ್ಲಿ. ಆಗ ಬಿಸಿಲೂ ಇರುವುದು. ನೂಲನ್ನು ಆಗಲೇ ಅದ್ದಿ ಒಣಗಿಸಿ ತೆಗೆದಿಡತಕ್ಕದ್ದು. ಮಳೆಗಾಲದಲ್ಲಿ ಬಣ್ಣ ಹಾಕಹೋದರೆ ನೂಲು ಒಣಗದೆ ಬೂಸಲು ಹಿಡಿಯುವುದು. ನೇಯುವುದಕ್ಕೆ ಮಾತ್ರ ಮಳೆಗಾಲವೇ ಲೇಸು. ತೇವದ ಗಾಳಿಯಲ್ಲಿ ಹತ್ತಿಯ ಎಳೆ ಬೇಗ ಕಡಿಯದು. ನೇಯ್ದ ಪಟ್ಟಿಗಳನ್ನು ಪೆಟ್ಟಿಗೆಯಲ್ಲಿ ತುಂಬದೆ, ಬಿಸಿಲು ಕಾಣುವವರೆಗೆ ಬೆಚ್ಚಗಿನ ಅಟ್ಟದ ಮೇಲೆ, ಹೊಗೆ ತಾಗದಂತೆ ತೂಗಹಾಕಿಡಬೇಕು.