ಕೋಲಾರ ಸೀಮೆಯ ಬೆಟ್ಟದಾರಿಗಳು

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಗಾದೆಯನ್ನು ನೀವೆಲ್ಲ ಬಲ್ಲಿರಿ. ಕೋಲಾರದವರು ಈ ಗಾದೆಯನ್ನು ಕೊಂಚ ತಿದ್ದಿಕೊಳ್ಳಬೇಕು. ನಮ್ಮ ಬೆಟ್ಟ ದೂರದಲ್ಲಿಯೂ ಇಲ್ಲ, ನುಣ್ಣಗೂ ಇಲ್ಲ. ಊರಿನ ಪಶ್ಚಿಮಕ್ಕೆ ಮೂರು ನಾಲ್ಕು ಕಿಲೋಮೀಟರ್ ನಡೆದರೆ ಸಾಕು, ಶತಶೃಂಗದ ಬುಡ ಸಿಕ್ಕುತ್ತದೆ. ಆದರೂ ರಜೆ ಬಂತೆಂದರೆ ನಾವು ನಂದಿಗೆ ಹೊರಡುತ್ತೇವೆ, ಮಲೆನಾಡಿಗೆ ಹೊರಡುತ್ತೇವೆ. ಮನೆಯ ಮುಂದಿನ ಬೆಟ್ಟವನ್ನು ಕಿಟಕಿಯಿಂದ ನೋಡಿ ಸುಮ್ಮನಾಗುತ್ತೇವೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಈ ನಾಲ್ಕು ತಾಲ್ಲೂಕುಗಳ ಬೆಟ್ಟಗಳಲ್ಲಿ ಕಾಲ್ನಡಿಗೆಯಿಂದ ಏನನ್ನು ನೋಡಬಹುದು, ಹೇಗೆ ನೋಡಬೇಕು ಎಂಬುದೇ ಈ ಭಾಷಣದ ವಿಷಯ.

ಮೊದಲು ಕಲ್ಲಿನ ವಿಚಾರ. ಬಾದಾಮಿಯ ಬೆಟ್ಟಗಳು ಮರಳುಗಲ್ಲಿನವು. ನೀರು ತಂದು ಹಾಕಿದ ಮರಳು ಪದರದ ಮೇಲೆ ಪದರವಾಗಿ ಕೂತು ಗಟ್ಟಿಯಾಗಿ ಆದ ಕಲ್ಲು ಅದು. ನಮ್ಮ ಸೀಮೆಯದು ಹಾಗಲ್ಲ. ಇದು ಭೂಮಿಯ ಒಡಲಲ್ಲಿ ಬೆಂದು ಆದ ಬೆಣಚುಕಲ್ಲು. ಇದರ ವಯಸ್ಸು 250 ಕೋಟಿ ವರ್ಷಕ್ಕೂ ಹೆಚ್ಚು. ಈ ಕಲ್ಲಿನಲ್ಲಿ ಪದರವಿಲ್ಲ, ಬಿರುಕುಗಳುಂಟು. ಮಳೆನೀರು ಬಿರುಕಿನೊಳಗೆ ಇಳಿದು ಕಲ್ಲಿನ ಮೂಲೆಗಳನ್ನು ಮೊದಲು ಸವೆಸುತ್ತದೆ. ಚೌಕವಾಗಿದ್ದದ್ದು ಕಾಲಾಂತರದಲ್ಲಿ ದುಂಡಗಾಗುತ್ತದೆ. ಸುತ್ತಲಿನ ಸಡಿಲ ಮಣ್ಣು ಕೊಚ್ಚಿಹೋದ ಮೇಲೆ ಗುಂಡುಗಳು ಒಂದರ ಮೇಲೊಂದು ಪೇರಿಸಿದಂತೆ ಉಳಿಯುತ್ತವೆ. ಯಾರೋ ರಾಕ್ಷಸರು ಆಡಿ ಬಿಟ್ಟುಹೋದ ಗೋಲಿಗಳಂತೆ ಕಾಣುವ ಈ ಬಂಡೆಗಳ ಹುಟ್ಟು ಇಷ್ಟೇ. ಅಂತರಗಂಗೆಯ ಗವಿಗಳು ಕೂಡ ಹೀಗೆಯೇ ಆದವು. ಅವು ಕೊರೆದ ಗವಿಗಳಲ್ಲ, ಗುಂಡುಗಳ ನಡುವೆ ಉಳಿದ ಸಂದುಗಳು.

ನಡೆಯುವವನಿಗೆ ಇದರಿಂದ ಒಂದು ಪಾಠವುಂಟು. ಪದರದ ಕಲ್ಲಿನ ಬೆಟ್ಟದಲ್ಲಿ ಅಂಚು ಹಿಡಿದು ನಡೆಯಬಹುದು. ಗುಂಡುಗಳ ಬೆಟ್ಟದಲ್ಲಿ ಹತ್ತು ಹೆಜ್ಜೆಗೊಂದು ತಿರುವು. ಒಂದು ಬಂಡೆಯಂತೆಯೇ ಇನ್ನೊಂದು. ಹೋಗುವಾಗ ಕಂಡ ದಾರಿ ಬರುವಾಗ ಕಾಣದು. ಆದ್ದರಿಂದ ಆಗಾಗ ಹಿಂತಿರುಗಿ ನೋಡಿಕೊಂಡು ಹೋಗುವುದೇ ಇಲ್ಲಿಯ ಮೊದಲ ನಿಯಮ.

ಈಗ ಅಂತರಗಂಗೆಗೆ ಹೋಗೋಣ. ಬೆಟ್ಟವು ಊರಿನ ಪಶ್ಚಿಮಕ್ಕಿರುವುದರಿಂದ ಬೆಳಗಿನ ಬಿಸಿಲು ನೇರವಾಗಿ ಮೆಟ್ಟಿಲುಗಳ ಮೇಲೆಯೇ ಬೀಳುತ್ತದೆ. ಸೂರ್ಯೋದಯಕ್ಕೆ ಮುಂಚೆಯೇ ಹತ್ತತೊಡಗಿದರೆ ಆಯಾಸ ಅರ್ಧ ಕಡಿಮೆ. ಮೆಟ್ಟಿಲು ಮುಗಿದಲ್ಲಿ ಕಾಶಿ ವಿಶ್ವೇಶ್ವರನ ಗುಡಿ, ಕಲ್ಲಿನ ಬಸವನ ಬಾಯಿಂದ ಕಲ್ಯಾಣಿಗೆ ಬೀಳುವ ನೀರು. ಬೆಟ್ಟದ ಮೇಲೆ ಬಿದ್ದ ಮಳೆ ಬಿರುಕುಗಳಲ್ಲಿ ಇಂಗಿ ನಿಧಾನವಾಗಿ ಇಲ್ಲಿಗೆ ಬರುತ್ತದೆ. ಮಳೆ ನಿಂತ ಎಷ್ಟೋ ದಿನಗಳ ಮೇಲೂ ಬಸವನ ಬಾಯಿ ಒಣಗದಿರುವ ಗುಟ್ಟು ಅದೇ. ಬಹುಮಂದಿ ಇಲ್ಲಿಂದಲೇ ಹಿಂದಿರುಗುತ್ತಾರೆ. ನೀವು ಮುಂದಕ್ಕೆ ಹೋಗಿ. ಕೋತಿಗಳಿಗೆ ಬುತ್ತಿ ಕಾಣಿಸದಂತೆ ಚೀಲದೊಳಗೆ ಕಟ್ಟಿಕೊಳ್ಳಿ, ಅಷ್ಟೇ.

ಗುಡಿಯಿಂದ ಮೇಲಕ್ಕೆ ಗವಿಗಳ ದಾರಿ. ಕೆಲವು ಕಡೆ ಕೂತು, ಕೆಲವು ಕಡೆ ತೆವಳಿ ಸಾಗಬೇಕು. ಗವಿಯೊಳಕ್ಕೆ ಹೋಗುವವರು ಸ್ಥಳದ ತಿಳಿದವರನ್ನು ಜೊತೆಗೆ ಕರೆದುಕೊಳ್ಳತಕ್ಕದ್ದು. ಅದನ್ನು ದಾಟಿದರೆ ಆಶ್ಚರ್ಯವೊಂದು ಕಾದಿದೆ: ಬೆಟ್ಟದ ತಲೆ ಚೂಪಾಗಿಲ್ಲ, ಮಟ್ಟಸವಾದ ಹರವು. ಅಲ್ಲಿ ತೇರಹಳ್ಳಿ ಮೊದಲಾದ ಹಳ್ಳಿಗಳಿವೆ. ಹೊಲವುಂಟು, ದನಕರು ಉಂಟು. ನಾವು ಸಾಹಸವೆಂದು ಹತ್ತಿದ ಬೆಟ್ಟ ಅಲ್ಲಿಯವರಿಗೆ ದಿನನಿತ್ಯದ ಮನೆಯಂಗಳ. ಇಳಿಯಲು ಆ ಹಳ್ಳಿಗಳ ಮೋಟಾರು ರಸ್ತೆಯನ್ನೇ ಹಿಡಿದರೆ ಮಕ್ಕಳಿಗೂ ಹಿರಿಯರಿಗೂ ಕ್ಷೇಮ.

ಮುಳಬಾಗಿಲಿನ ಸುತ್ತ ಮೂರು ನಡಿಗೆಗಳುಂಟು. ಊರಿನ ಬೆಟ್ಟ ಮತ್ತು ಕೋಟೆ ಒಂದು. ಸುಮಾರು 10 ಕಿಲೋಮೀಟರ್ ದೂರದ ಕುರುಡುಮಲೆ ಇನ್ನೊಂದು. ಏಕಶಿಲೆಯ ದೊಡ್ಡ ಗಣಪತಿಯ ದರ್ಶನಕ್ಕೆ ಹೋದವರು ಸೋಮೇಶ್ವರನ ಗುಡಿಯನ್ನೂ ನೋಡಿ ಹಿಂದಿನ ಗುಡ್ಡಗಳ ಕಡೆಗೆ ಒಂದು ಗಂಟೆ ನಡೆಯಬಹುದು. ಮೂರನೆಯದು ಆವಣಿ. ಕೆಳಗೆ ನೊಳಂಬರ ಕಾಲದ ರಾಮಲಿಂಗೇಶ್ವರ ದೇವಾಲಯಗಳ ಗುಂಪು, ಮೇಲೆ ಸೀತಾದೇವಿಯ ಗುಡಿ. ವಾಲ್ಮೀಕಿಯ ಆಶ್ರಮ ಇಲ್ಲಿಯೇ ಇತ್ತೆಂದೂ ಲವಕುಶರು ಇಲ್ಲಿಯೇ ಹುಟ್ಟಿದರೆಂದೂ ಜನರ ನಂಬಿಕೆ. ಮೂರರಲ್ಲಿ ಒಂದನ್ನೇ ಆರಿಸಿಕೊಳ್ಳುವುದಾದರೆ ಆವಣಿಯನ್ನು ಆರಿಸಿಕೊಳ್ಳಿ.

ಮುಳಬಾಗಿಲಿನ ಬಂಡೆಗಳು ಎಂಥವೆಂಬುದನ್ನು ಇತಿಹಾಸದ ಒಂದು ಪ್ರಸಂಗ ಚೆನ್ನಾಗಿ ತೋರಿಸುತ್ತದೆ. 1768ರ ಅಕ್ಟೋಬರ್‌ನಲ್ಲಿ ಹೈದರಾಲಿಗೂ ಕರ್ನಲ್ ವುಡ್ಡನ ಇಂಗ್ಲಿಷ್ ಪಡೆಗೂ ಇಲ್ಲಿ ಕಾಳಗವಾಯಿತು. ವುಡ್ ಸೋಲುವಂತಿದ್ದಾಗ ಕ್ಯಾಪ್ಟನ್ ಬ್ರೂಕ್ ಎಂಬವನು ರೋಗಿಗಳೂ ಗಾಯಾಳುಗಳೂ ಆದ ಕೆಲವೇ ಸಿಪಾಯಿಗಳೊಡನೆ ಎರಡು ಫಿರಂಗಿಗಳನ್ನು ಒಂದು ಬಂಡೆಯ ಮೇಲಕ್ಕೆ ಸಾಗಿಸಿ, ಗುಂಡು ಹಾರಿಸಿ, “ಸ್ಮಿತ್! ಸ್ಮಿತ್!” ಎಂದು ಕೂಗಿಸಿದನಂತೆ. ಕರ್ನಲ್ ಸ್ಮಿತ್ತನ ದೊಡ್ಡ ಸೈನ್ಯವೇ ಬಂತೆಂದು ಎದುರಾಳಿಗಳು ಭ್ರಮಿಸಿದರು. ಪಕ್ಕದ ಬೂದಿಕೋಟೆಯಲ್ಲಿಯೇ ಹುಟ್ಟಿದ ಹೈದರನ ಸೈನ್ಯಕ್ಕೂ ಬಂಡೆಯ ಹಿಂದೆ ಯಾರಿದ್ದಾರೆಂಬುದು ತಿಳಿಯಲಿಲ್ಲವೆಂದ ಮೇಲೆ ನಮ್ಮಂಥವರ ಪಾಡೇನು?

ಮಾಲೂರಿನ ಕಡೆಯವರಿಗೆ ಟೇಕಲ್ ಅನುಕೂಲ. ಬೆಂಗಳೂರಿನಿಂದ ಬಂಗಾರಪೇಟೆಗೆ ಹೋಗುವ ರೈಲಿನಲ್ಲಿ ಮಾಲೂರು ದಾಟಿದ ಮೇಲೆ ಈ ನಿಲ್ದಾಣ ಬರುತ್ತದೆ. ರೈಲಿಳಿದವರು ಬೆಟ್ಟ ನೋಡಿ, ವರದರಾಜಸ್ವಾಮಿಯ ಗುಡಿಯನ್ನು ನೋಡಿ, ಸಂಜೆಯ ರೈಲಿಗೆ ಹಿಂತಿರುಗಬಹುದು. ಶ್ರೀನಿವಾಸಪುರದಲ್ಲಿ ಎತ್ತರಕ್ಕಿಂತ ನೆರಳು ಹೆಚ್ಚು. ಮಾವಿನ ತೋಪುಗಳ ನಡುವಿನ ಬಂಡಿದಾರಿಯಲ್ಲಿ ಸಣ್ಣ ಗುಡ್ಡದಿಂದ ಸಣ್ಣ ಗುಡ್ಡಕ್ಕೆ ನಡೆಯುವ ಸುಖ ಅಲ್ಲಿಯದು. ತೋಪಿನವರನ್ನು ಒಂದು ಮಾತು ಕೇಳಿ ಒಳಗೆ ಹೋಗುವುದು ಮರ್ಯಾದೆ.

ಅಕ್ಟೋಬರ್‌ನಿಂದ ಫೆಬ್ರುವರಿಯವರೆಗೆ ನಡಿಗೆಗೆ ಒಳ್ಳೆಯ ಕಾಲ. ತಲೆಗೆ ಎರಡು ಲೀಟರ್ ನೀರು ಇರಲಿ. ಹೆಜ್ಜೇನು ಕಟ್ಟಿದ ಬಂಡೆಯ ಬಳಿ ಹೊಗೆ, ಕೂಗಾಟ, ಕಲ್ಲೆಸೆತ ಇವು ಪ್ರಾಣಕ್ಕೇ ಅಪಾಯ. ಬೇಸಗೆಯಲ್ಲಿ ಬೋದೆಹುಲ್ಲಿಗೆ ಒಂದು ಬೀಡಿಯ ಕಿಡಿ ಸಾಕು. ಗುಡುಗು ಕೇಳಿದರೆ ನೆತ್ತಿಯಿಂದ ಇಳಿದುಬಿಡಿ. ಅರಣ್ಯದ ಅನುಮತಿ ಬೇಕೇ ಎಂದು ಮೊದಲೇ ವಿಚಾರಿಸಿ. ಎಲ್ಲಕ್ಕಿಂತ ಮುಖ್ಯವಾಗಿ, ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸು ಎಂಬುದನ್ನು ಮನೆಯಲ್ಲಿ ಹೇಳಿ ಹೊರಡಿ.

ಜರ್ಮನಿಯ ನೈರುತ್ಯದಲ್ಲಿ ಫೆಲ್ಟ್ಸರ್‌ವಾಲ್ಡ್ ಎಂಬ ಕೆಂಪು ಮರಳುಗಲ್ಲಿನ ಕಾಡುಬೆಟ್ಟಗಳ ಸೀಮೆಯುಂಟು. ಎತ್ತರದಲ್ಲಿ ಅದೇನೂ ಹಿಮಾಲಯವಲ್ಲ. ಆದರೆ 1902ರಲ್ಲಿ ಅಲ್ಲಿಯವರು ಒಂದು ಸಂಘ ಕಟ್ಟಿದರು. ಅದರ ಸದಸ್ಯರು ಮರಗಳ ಮೇಲೆ ಬಣ್ಣದ ಪಟ್ಟಿ ಬಳಿದು ದಾರಿಗಳನ್ನು ಗುರುತಿಸುತ್ತಾರೆ. ದಣಿದವರಿಗೆ ತಂಗಲು ಮನೆಗಳನ್ನು ನಡೆಸುತ್ತಾರೆ. ನಮ್ಮಲ್ಲಿ ಇದು ಏಕಾಗಬಾರದು? ಒಂದೊಂದು ಪ್ರೌಢಶಾಲೆ ಒಂದೊಂದು ದಾರಿಯನ್ನು ವಹಿಸಿಕೊಂಡು, ಇಲಾಖೆಯ ಒಪ್ಪಿಗೆ ಪಡೆದು, ತಿರುವಿನಲ್ಲೊಂದು ಸಣ್ಣ ಗುರುತಿನ ಕಲ್ಲು ನೆಟ್ಟರೆ ಸಾಕು. ಬಂಡೆಗೆ ಬಣ್ಣ ಬಳಿಯಬೇಕಾಗಿಲ್ಲ. ಹೆಸರು ಕೆತ್ತುವ ಚಟವಂತೂ ಬೇಡವೇ ಬೇಡ. ಈ ಸೀಮೆಯ ಬಂಡೆಗಳ ಮೇಲೆ ಹಳೆಯ ಶಾಸನಗಳಿರುತ್ತವೆ.

ಇದು ಬರಿಯ ವಿನೋದದ ಮಾತಲ್ಲ. ವರ್ಷವಿಡೀ ಹರಿಯುವ ನದಿ ನಮಗಿಲ್ಲ. ನಾವು ಕೆರೆಗಳನ್ನು ನಂಬಿದವರು, ಆ ಕೆರೆಗಳಿಗೆ ಮಳೆನೀರು ಇಳಿದುಬರುವುದು ಈ ಗುಡ್ಡಗಳ ಇಳಿಜಾರಿನಿಂದ. ಕೆರೆಗಳು ಬತ್ತಿದ್ದರಿಂದ 2018ರಲ್ಲಿ ಬೆಂಗಳೂರಿನ ಬಳಸಿದ ನೀರನ್ನು ಶುದ್ಧಿಮಾಡಿ ಇಲ್ಲಿಗೆ ತರುವುದು ಆರಂಭವಾಯಿತು. ಇತ್ತ ಗುಡ್ಡಗಳನ್ನು ಸಿಡಿಸಿ ಜಲ್ಲಿ ಮಾಡುವ ಕೆಲಸವೂ ನಡೆಯುತ್ತದೆ. ಮನೆಗೆ ಕಲ್ಲು ಬೇಕು, ನಿಜ. ಆದರೆ ಯಾವ ಗುಡ್ಡದ ಕಲ್ಲು, ಅದರ ಕೆಳಗೆ ಯಾರ ಕೆರೆ ಎಂದು ಕೇಳುವವರೂ ಬೇಕು. ಚಿನ್ನದ ಗಣಿ ಬರಿದಾಯಿತೆಂದು 2001ರಲ್ಲಿ ಮುಚ್ಚಿದ್ದನ್ನು ಕಂಡವರು ನಾವು. ತೆಗೆದ ಚಿನ್ನ ಮತ್ತೆ ಬೆಳೆಯಲಿಲ್ಲ. ಒಡೆದ ಬೆಟ್ಟವೂ ಬೆಳೆಯದು. ಜನ ನಡೆದಾಡುವ ಬೆಟ್ಟಕ್ಕೆ ನಾಲ್ಕು ಕಣ್ಣುಗಳ ಕಾವಲಿರುತ್ತದೆ. ಯಾರೂ ಹೋಗದ ಬೆಟ್ಟ ಕರಗಿಹೋದದ್ದು ಯಾರಿಗೂ ತಿಳಿಯುವುದಿಲ್ಲ.

ಬರುವ ಭಾನುವಾರ ಮಕ್ಕಳನ್ನು ಬೇಗ ಎಬ್ಬಿಸಿ. ಬುತ್ತಿ ಕಟ್ಟಿಕೊಳ್ಳಿ. ಬಸವನ ಬಾಯಿಯ ನೀರಿನ ಬಳಿ ನಿಲ್ಲದೆ ಮೇಲಕ್ಕೆ ನಡೆಯಿರಿ. ಆ ನೀರು ಎಲ್ಲಿಂದ ಬರುತ್ತದೆಂಬುದನ್ನು ಮಕ್ಕಳಿಗೆ ತೋರಿಸಿ.