ಸೋತವರ ಹೆಸರೂ ನೆನಪಿರಲಿ



ಕಾರ್ ರೇಸಿನ ಹುಚ್ಚು ಹತ್ತಿದವರಿಗೆ ಇಟಲಿ ಪ್ರವಾಸವೆಂದರೆ ತೀರ್ಥಯಾತ್ರೆಯೇ. ಹೆಚ್ಚಿನವರು ಮೊದಲು ಓಡುವುದು ಮರನೆಲ್ಲೋ ಊರಿಗೆ, ಫೆರಾರಿಯ ಕೆಂಪು ಕಾರುಗಳನ್ನು ನೋಡಲು. ಅದು ಸಹಜ.

ಮಿಲಾನ್ ಹತ್ತಿರದ ಮೋಂಜಾ ಬೇರೆಯೇ ಅನುಭವ. ಹಳೆಯ ಅರಮನೆಯ ಉದ್ಯಾನದೊಳಗೆ 1922ರಲ್ಲಿ ಕಟ್ಟಿದ ಟ್ರ್ಯಾಕ್ ಅದು. ಮರಗಳ ನಡುವೆ ಕಾಂಕ್ರೀಟಿನ ಹಳೆಯ ತಿರುವು ಇನ್ನೂ ಉಳಿದಿದೆ. ಎಷ್ಟು ಓರೆಯಾಗಿದೆಯೆಂದರೆ, ಅದರ ಮೇಲ್ತುದಿಗೆ ನಡೆದು ಹತ್ತುವುದೇ ಕಷ್ಟ. ಫಾರ್ಮುಲಾ ಒನ್ ಕಾರುಗಳು ಅದರ ಮೇಲೆ ಕೊನೆಯದಾಗಿ ಓಡಿದ್ದು 1961ರಲ್ಲಿ. ಆ ದಿನ ಟ್ರ್ಯಾಕಿನ ಇನ್ನೊಂದು ಕಡೆ ನಡೆದ ಅಪಘಾತದಲ್ಲಿ ಚಾಲಕ ಫಾನ್ ಟ್ರಿಪ್ಸ್ ತೀರಿಕೊಂಡರು. ನೋಡಲು ಬಂದಿದ್ದ ಹತ್ತಕ್ಕೂ ಹೆಚ್ಚು ಜನರೂ ಮನೆಗೆ ಮರಳಲಿಲ್ಲ.

ಇನ್ನು ಇಟಲಿಯ ಮತ್ತೊಂದು ಟ್ರ್ಯಾಕ್, ಇಮೋಲಾ. 1994ರ ಮೇ 1ರಂದು ಚಾಲಕ ಅಯರ್ಟನ್ ಸೆನ್ನಾ ಅಲ್ಲಿ ಅಪಘಾತಕ್ಕೆ ಸಿಕ್ಕಿ ತೀರಿಕೊಂಡರು. ಟ್ರ್ಯಾಕಿನ ಪಕ್ಕದ ಉದ್ಯಾನದಲ್ಲಿ ಅವರ ಪ್ರತಿಮೆಯಿದೆ. ದೇಶದೇಶಗಳ ಅಭಿಮಾನಿಗಳು ಇಂದಿಗೂ ಹೂವು ಇಟ್ಟು ಹೋಗುತ್ತಾರೆ. ಸೆನ್ನಾ ಅಪಘಾತದ ಹಿಂದಿನ ದಿನವಷ್ಟೇ ಆಸ್ಟ್ರಿಯಾದ ಚಾಲಕ ರೋಲಂಡ್ ರಾಟ್ಸೆನ್‌ಬರ್ಗರ್ ಅದೇ ಟ್ರ್ಯಾಕಿನಲ್ಲಿ ಅಪಘಾತಕ್ಕೀಡಾಗಿ ಸತ್ತಿದ್ದರು. ಅವರು ಫಾರ್ಮುಲಾ ಒನ್‌ನಲ್ಲಿ ಒಂದು ರೇಸನ್ನೂ ಗೆದ್ದವರಲ್ಲ. ಸೆನ್ನಾ ಮೂರು ಸಲ ವಿಶ್ವ ಚಾಂಪಿಯನ್. ಆದರೂ ಸೆನ್ನಾ ಕಾರಿನೊಳಗೆ ಮಡಚಿಟ್ಟ ಆಸ್ಟ್ರಿಯಾದ ಬಾವುಟವೊಂದು ಸಿಕ್ಕಿತು. ಗೆದ್ದರೆ ರೋಲಂಡ್ ನೆನಪಿಗೆ ಅದನ್ನು ಹಾರಿಸಬೇಕೆಂದಿದ್ದರು. ಸೆನ್ನಾ ಗೆದ್ದ ಎಲ್ಲ ಕಪ್‌ಗಳಿಗಿಂತ ನನಗೆ ಈ ಬಾವುಟವೇ ದೊಡ್ಡದಾಗಿ ಕಾಣುತ್ತದೆ.

ಎಂದಾದರೂ ಇಮೋಲಾಕ್ಕೆ ಹೋದರೆ, ದಯವಿಟ್ಟು ಎರಡು ಹೂವು ಒಯ್ಯಿರಿ.