ಸರ್ಟಿಫಿಕೇಟ್ ಬಂತು, ಸೆಂಟ್ಸ್ ಬರಲಿಲ್ಲ



ಇವತ್ತು ಚಿನ್ನದ ರೇಟು ಬೇಡ, ಪೆಟ್ರೋಲ್ ರೇಟೂ ಬೇಡ. ಹೂವಿನ ರೇಟಿನಿಂದ ಶುರು ಮಾಡೋಣ.

ಕಾಪು ತಾಲೂಕಿನ ಶಂಕರಪುರದಲ್ಲಿ ದಿನಾ ಮಲ್ಲಿಗೆಗೆ ರೇಟು ನಿಗದಿಯಾಗುತ್ತೆ. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಂದರೆ ಒಂದು ಅಟ್ಟೆಗೆ 3,200 ಹೂವು. ಮದುವೆ ಸೀಸನ್ನಲ್ಲಿ, ಹಬ್ಬದಲ್ಲಿ ಅಟ್ಟೆಯ ಬೆಲೆ 2,000 ರೂಪಾಯಿ ದಾಟುತ್ತೆ. ಶುಭಕಾರ್ಯ ಇಲ್ಲದ ದಿನಗಳಲ್ಲಿ ಕೆಲವು ನೂರಕ್ಕೆ ಇಳಿಯುತ್ತೆ. ಬೆಳಗ್ಗೆ ಮೊಗ್ಗು ಬಿಡಿಸಬೇಕು, ಬಾಳೆನಾರಿನಲ್ಲಿ ಕಟ್ಟಬೇಕು, ಹೊತ್ತಿಗೆ ಸರಿಯಾಗಿ ಕಟ್ಟೆಗೆ ಮುಟ್ಟಿಸಬೇಕು. ಅಲ್ಲಿಂದ ಮಂಗಳೂರಿಗೆ, ಮುಂಬೈಗೆ ಹೋಗುತ್ತೆ. ನಾವು ಉಡುಪಿ ಮಲ್ಲಿಗೆ ಅಂತ ಕರೆಯೋದು ಇದನ್ನೇ. ಪಕ್ಕದ ಮಟ್ಟುವಿನ ಗುಳ್ಳದ ಹಾಗೆ ಇದಕ್ಕೂ ಭೌಗೋಳಿಕ ಗುರುತಿನ ಮಾನ್ಯತೆ ಇದೆ.

ಆದರೆ ನನಗೆ ಈ ಹೂವಿನಲ್ಲಿ ಇಷ್ಟವಾಗೋದು ಅದರ ಪರಿಮಳ ಅಲ್ಲ. ಅದಕ್ಕೆ ಬೇಕಾಗುವ ಜಾಗ. ಮನೆ ಹಿಂದೆ ಐದು ಸೆಂಟ್ಸ್, ಹತ್ತು ಸೆಂಟ್ಸ್ ಇದ್ದರೂ ಮಲ್ಲಿಗೆ ಗಿಡ ಹಾಕಬಹುದು. ನೀರು, ಗೊಬ್ಬರ, ಸವರುವ ಕೆಲಸ ಎಲ್ಲವನ್ನೂ ಮನೆಯ ಹೆಂಗಸರೇ ಮಾಡ್ತಾರೆ. ಮಕ್ಕಳ ಫೀಸು, ಮಗಳ ಮದುವೆ, ಮನೆಯ ಹೆಂಚು, ಎಷ್ಟೋ ಕುಟುಂಬಗಳಲ್ಲಿ ಮಲ್ಲಿಗೆ ದುಡ್ಡಿನಲ್ಲೇ ಆಗಿದೆ. ಧರ್ಮ, ಜಾತಿ ಯಾವುದೂ ಅಡ್ಡ ಬಂದಿಲ್ಲ. ಕ್ರೈಸ್ತರ ಅಂಗಳದಲ್ಲಿ ಅರಳಿದ ಹೂವು ದೈವಸ್ಥಾನದಲ್ಲಿ ಏರುತ್ತೆ. "ಎಲ್ಲರನ್ನೂ ಒಳಗೊಂಡ ಕೃಷಿ ಅಭಿವೃದ್ಧಿ" ಅಂತ ದೊಡ್ಡ ದೊಡ್ಡ ಸಮ್ಮೇಳನಗಳಲ್ಲಿ ಭಾಷಣ ಮಾಡ್ತಾರಲ್ಲ, ಅದನ್ನು ನೋಡಬೇಕಾದರೆ ಶಂಕರಪುರಕ್ಕೆ ಬನ್ನಿ.

ಎಲ್ಲರನ್ನೂ ಅಂದೆನಾ? ತಡೀರಿ. ಇದೇ ಕಾಪು, ಇದೇ ಉಡುಪಿ, ಕಾರ್ಕಳದಲ್ಲಿ ಮನೆ ಹಿಂದೆ ಆ ಐದು ಸೆಂಟ್ಸೂ ಇಲ್ಲದ ಒಂದು ಸಮುದಾಯ ಇದೆ. ಕೊರಗರು.

2011ರ ಜನಗಣತಿಯ ಪ್ರಕಾರ ರಾಜ್ಯದಲ್ಲಿ ಅವರ ಸಂಖ್ಯೆ 15 ಸಾವಿರಕ್ಕೂ ಕಡಿಮೆ. ಕರ್ನಾಟಕದಲ್ಲಿ ಕೇಂದ್ರ ಸರ್ಕಾರ "ವಿಶೇಷವಾಗಿ ದುರ್ಬಲ ಬುಡಕಟ್ಟು" ಅಂತ ಗುರುತಿಸಿರೋದು ಎರಡೇ ಸಮುದಾಯಗಳನ್ನು: ಜೇನುಕುರುಬರು ಮತ್ತು ಕೊರಗರು. ಅಜಲು ಎಂಬ ಹೆಸರಿನಲ್ಲಿ ಅವರನ್ನು ಮನುಷ್ಯರಿಗಿಂತ ಕೀಳಾಗಿ ನಡೆಸಿಕೊಂಡ ಪದ್ಧತಿಯನ್ನು ನಿಲ್ಲಿಸೋದಕ್ಕೆ 2000ದಲ್ಲಿ ಒಂದು ಪ್ರತ್ಯೇಕ ಕಾಯ್ದೆಯೇ ಬೇಕಾಯ್ತು. ನೆನಪಿರಲಿ, ಎರಡು ಸಾವಿರನೇ ಇಸವಿ. ಮಣಿಪಾಲದಲ್ಲಿ ಆಗಲೇ ಜಗತ್ತಿನ ಮೂಲೆಮೂಲೆಯಿಂದ ಬಂದ ವಿದ್ಯಾರ್ಥಿಗಳು ಡಾಕ್ಟರ್, ಇಂಜಿನಿಯರ್ ಓದ್ತಾ ಇದ್ರು.

ಈಗ ನೀವು ಕೇಳಬಹುದು, "ಭೂಸುಧಾರಣೆ ಆಯ್ತಲ್ಲ ಸ್ವಾಮೀ? ಉಳುವವನೇ ಹೊಲದೊಡೆಯ ಅಂತ ದೇವರಾಜ ಅರಸು ಕಾನೂನು ತಂದರಲ್ಲ?" ಹೌದು, ತಂದರು. 1974ರ ತಿದ್ದುಪಡಿಯಿಂದ ಅತಿ ಹೆಚ್ಚು ಲಾಭ ಪಡೆದ ಪ್ರದೇಶಗಳಲ್ಲಿ ಆಗಿನ ಅವಿಭಜಿತ ದಕ್ಷಿಣ ಕನ್ನಡವೂ ಒಂದು. ಚಾಲಗೇಣಿಗೆ ಗದ್ದೆ ಮಾಡ್ತಿದ್ದವರು ಫಾರ್ಮ್ 7 ತುಂಬಿಸಿ ಡಿಕ್ಲರೇಶನ್ ಕೊಟ್ಟರು, ಭೂಮಾಲೀಕರಾದರು. ಒಳ್ಳೆಯದೇ ಆಯ್ತು. ಆದರೆ ಡಿಕ್ಲರೇಶನ್ ಕೊಡಬೇಕಾದರೆ ಮೊದಲು ಗೇಣಿದಾರ ಆಗಿರಬೇಕಲ್ವಾ? ಕೊರಗರಿಗೆ ಗೇಣಿಗೂ ಯಾರೂ ಗದ್ದೆ ಕೊಟ್ಟಿರಲಿಲ್ಲ. ಹಾಗಾಗಿ ಕರಾವಳಿಯ ಚರಿತ್ರೆಯ ಅತಿ ದೊಡ್ಡ ಭೂಹಂಚಿಕೆ ಅವರ ಗುಡಿಸಲಿನ ಮುಂದೆಯೇ ಹಾದುಹೋಯ್ತು, ಒಳಗೆ ಬರಲಿಲ್ಲ.

1993ರ ಆಗಸ್ಟ್ 18ರಂದು ಕೊರಗರು ಬೀದಿಗಿಳಿದು ಭೂಮಿ ಕೇಳಿದರು. ಆ ದಿನವನ್ನೇ ಈಗ ಪ್ರತಿವರ್ಷ ಭೂಮಿ ಹಬ್ಬ ಅಂತ ಆಚರಿಸ್ತಾರೆ. ಮರುವರ್ಷ ಡಾ. ಮಹಮ್ಮದ್ ಪೀರ್ ವರದಿ ಬಂತು. ಪ್ರತಿ ಕುಟುಂಬಕ್ಕೆ ಎರಡೂವರೆ ಎಕರೆ ಕೃಷಿಭೂಮಿ ಕೊಡಿ ಅಂತ ಅದು ಹೇಳಿತು. ಕೆಲವು ಕುಟುಂಬಗಳಿಗೆ ಭೂಮಿ ಸಿಕ್ಕಿದೆ, ಇಲ್ಲ ಅಂತ ಹೇಳೋದಿಲ್ಲ. ಕಾಪು ಕಡೆಯ ಪೆರ್ನಾಲಿನ ಸಮಗ್ರ ಗ್ರಾಮೀಣ ಆಶ್ರಮದವರು, ಕೊರಗ ಸಂಘಟನೆಗಳ ಒಕ್ಕೂಟದವರು ದಶಕಗಳಿಂದ ಇದಕ್ಕಾಗಿ ಓಡಾಡಿದ್ದಾರೆ. ಆದರೆ ಉಳಿದವರ ಅರ್ಜಿಗಳು? ಜಾಗ ತೋರಿಸಿದರೆ ಅದು ಯಾರದೋ ವರ್ಗದ ಕುಮ್ಕಿ. ಇನ್ನೊಂದು ತೋರಿಸಿದರೆ ಡೀಮ್ಡ್ ಫಾರೆಸ್ಟ್. ದಲಿತರಿಗೆ ಅಂತಲೇ ಬ್ರಿಟಿಷರ ಕಾಲದಲ್ಲಿ ಮೀಸಲಿಟ್ಟ ಡಿ.ಸಿ. ಮನ್ನಾ ಜಾಗ ಇದೆಯಲ್ಲ ಅಂದರೆ, ಅದರಲ್ಲಿ ಎಷ್ಟೋ ಜಾಗಕ್ಕೆ ಆಗಲೇ ಬೇರೆಯವರ ಬೇಲಿ ಬಿದ್ದಿದೆ.

ಭೂಮಿ ಕೊಡೋದು ಕಷ್ಟ. ಹಾಗಾದರೆ ಸುಲಭವಾಗಿ ಕೊಡೋದಕ್ಕೆ ಆಗೋದು ಏನು? ತರಬೇತಿ!

ನೋಡಿ, ನಾನು ತರಬೇತಿಯ ವಿರೋಧಿ ಅಲ್ಲ. ತರಬೇತಿಯನ್ನು ಹೇಗೆ ಕೊಡಬೇಕು ಅಂತ ಇಡೀ ದೇಶಕ್ಕೆ ಹೇಳಿಕೊಟ್ಟಿದ್ದೇ ಈ ಕರಾವಳಿ. 1982ರಲ್ಲಿ ಉಜಿರೆಯಲ್ಲಿ ರುಡ್‌ಸೆಟ್ ಶುರುವಾಯ್ತು. ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರ ಜೊತೆ ಕೈಜೋಡಿಸಿದ್ದು ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್. ಊಟ, ವಸತಿ, ಪಾಠ ಎಲ್ಲ ಉಚಿತ. ಅದನ್ನೇ ಮಾದರಿಯಾಗಿಟ್ಟುಕೊಂಡು ಇವತ್ತು ದೇಶದ ಬಹುತೇಕ ಜಿಲ್ಲೆಗಳಲ್ಲಿ ಸ್ವಉದ್ಯೋಗ ತರಬೇತಿ ಸಂಸ್ಥೆಗಳಿವೆ. ಆ ಮಾದರಿಯ ಗುಟ್ಟು ಪಾಠದಲ್ಲಿ ಇರಲಿಲ್ಲ. ತರಬೇತಿ ಮುಗಿದ ಮೇಲೂ ಎರಡು ವರ್ಷ ಹುಡುಗನ ಬೆನ್ನು ಬಿಡಬಾರದು, ಬ್ಯಾಂಕಿನಿಂದ ಸಾಲ ಕೊಡಿಸಬೇಕು, ಅಂಗಡಿ ನಡೀತಿದೆಯಾ ಅಂತ ಹೋಗಿ ನೋಡಬೇಕು. ಗುಟ್ಟು ಇದ್ದಿದ್ದು ಅಲ್ಲಿ.

ಅದಕ್ಕೂ ಹಿಂದೆ ಹೋದರೆ, ಸಿಂಡಿಕೇಟ್ ಬ್ಯಾಂಕ್ ಹುಟ್ಟಿದ್ದೇ 1925ರಲ್ಲಿ, ಉಡುಪಿಯಲ್ಲಿ, ಕಷ್ಟದಲ್ಲಿದ್ದ ಕೈಮಗ್ಗದ ನೇಕಾರರಿಗೆ ಆಸರೆಯಾಗಲಿ ಅಂತ. ಬಂಡವಾಳ 8,000 ರೂಪಾಯಿ. ಮೂರು ವರ್ಷಕ್ಕೆ ಪಿಗ್ಮಿ ಶುರು. ದಿನಕ್ಕೆ ಎರಡಾಣೆ ಇದ್ದರೂ ಸಾಕು, ಏಜೆಂಟ್ ಮನೆ ಬಾಗಿಲಿಗೆ ಬಂದು ಇಸಿದುಕೊಳ್ತಿದ್ದ. ಬಡವ ಬ್ಯಾಂಕಿಗೆ ಬರದಿದ್ದರೆ ಬ್ಯಾಂಕೇ ಬಡವನ ಹತ್ತಿರ ಹೋಗಬೇಕು ಅಂತ ಡಾ. ಟಿ.ಎಂ.ಎ. ಪೈ ಅವರಂಥವರಿಗೆ ತಿಳಿದಿತ್ತು. 2020ರಲ್ಲಿ ಆ ಬ್ಯಾಂಕ್ ಕೆನರಾದಲ್ಲಿ ವಿಲೀನ ಆಯ್ತು. ಬೋರ್ಡು ಹೋಯ್ತು, ಹೋಗಲಿ. ಬಾಗಿಲಿಗೆ ಹೋಗುವ ಆ ಅಭ್ಯಾಸ ಎಲ್ಲಿ ವಿಲೀನ ಆಯ್ತು ಅನ್ನೋದು ನನ್ನ ಪ್ರಶ್ನೆ.

ಒಂದು ಲೆಕ್ಕ ಹಾಕೋಣ. ಕೊರಗ ಕಾಲೊನಿಯ ಒಬ್ಬ ಹೆಣ್ಣುಮಗಳು ಮಲ್ಲಿಗೆ ಕೃಷಿಯ ತರಬೇತಿ ಮುಗಿಸಿದಳು ಅಂತಿಟ್ಟುಕೊಳ್ಳಿ. ಸರ್ಟಿಫಿಕೇಟ್ ಕೈಗೆ ಬಂತು, ಫೋಟೋನೂ ಬಂತು. ಮುಂದೆ? ಬೆಳೆ ಸಾಲಕ್ಕೆ ಆರ್‌ಟಿಸಿ ಬೇಕು. ತೋಟಗಾರಿಕೆ ಇಲಾಖೆಯ ಸಬ್ಸಿಡಿಗೆ ಆರ್‌ಟಿಸಿ ಬೇಕು. ಪಿಎಂ ಕಿಸಾನ್‌ನ ವರ್ಷದ 6,000 ರೂಪಾಯಿಗೂ ಭೂಮಿ ಹೆಸರಲ್ಲಿರಬೇಕು. ಉದ್ಯೋಗ ಖಾತ್ರಿಯಲ್ಲಿ ಮಲ್ಲಿಗೆ ಗುಂಡಿ ತೋಡಿಸೋಣ ಅಂದರೂ ಗುಂಡಿ ತೋಡೋದಕ್ಕೆ ಸ್ವಂತ ನೆಲ ಬೇಕಲ್ಲ! ಆರ್‌ಟಿಸಿ ಇಲ್ಲದವರು ಸರ್ಕಾರದ ಕಣ್ಣಲ್ಲಿ ರೈತರೇ ಅಲ್ಲ. ಸಣ್ಣ ಸಾಲಕ್ಕೆ ಜಾಮೀನು ಕೇಳಬಾರದು ಅಂತ ನಿಯಮ ಇದೆ ಅಂತೀರಿ. ನಿಯಮ ಬ್ಯಾಂಕಿನ ಗೋಡೆ ಮೇಲೆ ಇರುತ್ತೆ. ಮೇಜಿನ ಆಚೆ ಕೂತವರು "ಯಾರಾದ್ರೂ ಗೊತ್ತಿದ್ದವರನ್ನ ಕರ್ಕೊಂಡು ಬಾ" ಅಂತಾರೆ. ಕೊನೆಗೆ ಸರ್ಟಿಫಿಕೇಟ್ ಟ್ರಂಕಿನೊಳಗೆ ಸೇರುತ್ತೆ, ಆ ಹೆಣ್ಣುಮಗಳು ಮೊದಲಿನ ಹಾಗೆ ಕಸ ಗುಡಿಸುವ ಗುತ್ತಿಗೆ ಕೆಲಸಕ್ಕೆ ಹೋಗ್ತಾಳೆ.

ಇನ್ನೊಂದು ವಿಷಯ. ಈ ಜನಕ್ಕೆ ಕಸುಬು ಗೊತ್ತಿಲ್ಲ ಅಂತ ನಾವು ತರಬೇತಿ ಕೊಡ್ತಿದ್ದೀವಾ? ಕಾಡುಬಳ್ಳಿಯಲ್ಲಿ, ಬಿದಿರಿನಲ್ಲಿ ಅವರು ಹೆಣೆಯುವ ಬುಟ್ಟಿ, ತಡ್ಪೆ, ತೊಟ್ಟಿಲು ನೋಡಿದ್ದೀರಲ್ಲ? ತುಳುನಾಡಿನ ಭತ್ತವೆಲ್ಲ ಒಂದು ಕಾಲದಲ್ಲಿ ಕೊರಗರ ಕೈಯ ಬುಟ್ಟಿಯಲ್ಲೇ ಅಂಗಳದಿಂದ ಮನೆಯೊಳಗೆ ಹೋಗ್ತಿತ್ತು. ಈಗ ಪ್ಲಾಸ್ಟಿಕ್ ಬಂತು. ಆ ಕಡೆ ಬಳ್ಳಿ ತರಬೇಕಾದ ಕಾಡಿಗೂ ಬೇಲಿ ಬಂತು. ಕಾರ್ಕಳದ ಘಟ್ಟದ ಬುಡದ ಎಷ್ಟೋ ಕಾಡು 1987ರಲ್ಲಿ ಘೋಷಣೆಯಾದ ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗೆ ಸೇರಿದೆ. ಮಾರುಕಟ್ಟೆ ಒಂದು ಕಡೆಯಿಂದ ಮುಚ್ಚಿತು, ಕಚ್ಚಾವಸ್ತು ಇನ್ನೊಂದು ಕಡೆಯಿಂದ. ಅದೇ ಬುಟ್ಟಿಯನ್ನು ರೆಸಾರ್ಟಿನವರು ಅಲಂಕಾರಕ್ಕೆ ಇಟ್ಟರೆ ಅದು ಹ್ಯಾಂಡಿಕ್ರಾಫ್ಟ್ ಆಗುತ್ತೆ, ಹೆಣೆದವನ ಕೈಯಲ್ಲಿದ್ದರೆ ಚೌಕಾಸಿಗೆ ಸಿಗುತ್ತೆ.

ಇದು ನಮ್ಮ ಜಿಲ್ಲೆಯ ಕಥೆ ಮಾತ್ರ ಅಲ್ಲ. ಪಕ್ಕದ ಉತ್ತರ ಕನ್ನಡಕ್ಕೆ ಹೋಗಿ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನಲ್ಲಿ ಸಿದ್ದಿಗಳಿದ್ದಾರೆ. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಗುಲಾಮರಾಗಿ ಬಂದವರ ವಂಶಸ್ಥರು, ಕನ್ನಡ, ಕೊಂಕಣಿ ಮಾತಾಡುವ ನಮ್ಮವರು. ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಸಿದ್ದಿ ಹೆಂಗಸರು ಹಳೆಬಟ್ಟೆಯ ತುಂಡು ಜೋಡಿಸಿ ಹೊಲಿಯುವ ಕೌದಿ ಇವತ್ತು ವಿದೇಶದ ಪ್ರದರ್ಶನಗಳಿಗೆ ಹೋಗುತ್ತೆ. ಆ ಹೊಲಿಗೆಗೆ ಅವರು ಯಾವ ತರಬೇತಿ ಕೇಂದ್ರಕ್ಕೂ ಹೋಗಿಲ್ಲ. ಅವರೂ ಕೇಳೋದು ಉಳುತ್ತಿರುವ ನೆಲಕ್ಕೆ ಒಂದು ಹಕ್ಕುಪತ್ರ.

ಇನ್ನು ಆಫ್ರಿಕಾದಲ್ಲೇ ನೋಡಿ. ಬೆನಿನ್ ಅಂತ ಪಶ್ಚಿಮ ಆಫ್ರಿಕಾದ ಸಣ್ಣ ದೇಶ. ಅಲ್ಲಿನ ಪೋರ್ಟೊ ನೋವೊದಲ್ಲಿ 1985ರಲ್ಲಿ ಗಾಡ್‌ಫ್ರಿ ನ್ಜಾಮುಜೊ ಎಂಬ ಪಾದ್ರಿ ಸೊಂಘಾಯ್ ಎಂಬ ಕೇಂದ್ರ ಕಟ್ಟಿದರು. ಅಲ್ಲಿ ಯುವಕರು ಕಲಿಯೋದು ತೋಟದಲ್ಲೇ. ಕೋಳಿ, ಮೀನು, ತರಕಾರಿ, ಒಂದರ ಕಸ ಇನ್ನೊಂದಕ್ಕೆ ಗೊಬ್ಬರ, ಮೇವು. ಬೆಳೆದದ್ದನ್ನು ಅಲ್ಲೇ ಸಂಸ್ಕರಿಸಿ ಮಾರ್ತಾರೆ. ನೆಲ, ವಿದ್ಯೆ, ಮಾರುಕಟ್ಟೆ ಮೂರೂ ಒಂದೇ ಬೇಲಿಯೊಳಗೆ. ನಮ್ಮಲ್ಲಿ ನೆಲ ಕಂದಾಯ ಇಲಾಖೆಯಲ್ಲಿ, ವಿದ್ಯೆ ಕೌಶಲಾಭಿವೃದ್ಧಿ ಇಲಾಖೆಯಲ್ಲಿ, ಬಳ್ಳಿ ಅರಣ್ಯ ಇಲಾಖೆಯಲ್ಲಿ. ಮೂರು ಕಡೆ ಅಲೆದು ಅಲೆದು ಕೊರಗರ ಚಪ್ಪಲಿ ಸವೆಯುತ್ತೆ.

ಕೇಂದ್ರ ಸರ್ಕಾರ 2023ರ ನವೆಂಬರ್ 15ರಂದು ಪಿಎಂ ಜನಮನ್ ಯೋಜನೆ ಶುರು ಮಾಡಿತು. ದೇಶದ 75 ದುರ್ಬಲ ಬುಡಕಟ್ಟುಗಳಿಗೆ 24 ಸಾವಿರ ಕೋಟಿಗೂ ಹೆಚ್ಚು ಹಣ. ಮನೆ, ರಸ್ತೆ, ನೀರು, ಅಂಗನವಾಡಿ, ಮೊಬೈಲ್ ಟವರ್, ಮತ್ತೆ ಕೌಶಲ ತರಬೇತಿ. ಎಲ್ಲ ಬೇಕಾದದ್ದೇ, ಸ್ವಾಗತ. ಆ ಪಟ್ಟಿಯಲ್ಲಿ ಕೃಷಿಭೂಮಿ ಮಾತ್ರ ಇಲ್ಲ. ಭೂಮಿ ರಾಜ್ಯದ ವಿಷಯ ಅಂತಾರೆ. ಸರಿ, ಹಾಗಾದರೆ ರಾಜ್ಯ ಉತ್ತರ ಕೊಡಲಿ.

ತುಳುನಾಡಿನಲ್ಲಿ ಏನಾದರೂ ಕಳೆದುಹೋದರೆ ಜನ ಏನು ಮಾಡ್ತಾರೆ? ಕೊರಗಜ್ಜನಿಗೆ ಚಕ್ಕುಲಿ, ವೀಳ್ಯದೆಲೆಯ ಹರಕೆ ಹೊರ್ತಾರೆ. ಮಂತ್ರಿಗಳು, ಸಿನಿಮಾ ನಟರು ಎಲ್ಲ ಬಂದು ಕೈಮುಗೀತಾರೆ. ಅಜ್ಜನ ಕುಲದವರು 1993ರಿಂದ ಕೇಳ್ತಿರುವ ಭೂಮಿ ಸಿಗೋದಕ್ಕೆ ಯಾರಿಗೆ ಹರಕೆ ಹೊರಬೇಕು?

ಉಡುಪಿ ಜಿಲ್ಲಾಡಳಿತಕ್ಕೆ ನನ್ನ ಕೋರಿಕೆ ಸಣ್ಣದು. ಎರಡೂವರೆ ಎಕರೆ ನಾಳೆಯೇ ಕೊಡಿ ಅಂತ ನಾನು ಕೇಳ್ತಿಲ್ಲ. ಡಿ.ಸಿ. ಮನ್ನಾ ಜಾಗ ಗ್ರಾಮವಾರು ಎಷ್ಟಿದೆ, ಅದರಲ್ಲಿ ಯಾರ ಬೇಲಿ ಎಷ್ಟಿದೆ, ಪಟ್ಟಿ ಮಾಡಿ ಪಂಚಾಯಿತಿಯ ಗೋಡೆಗೆ ಅಂಟಿಸಿ. ತೆರವಾದ ಜಾಗದಲ್ಲಿ, ತರಬೇತಿ ಮುಗಿಸಿದ ಹೆಣ್ಣುಮಕ್ಕಳ ಹೆಸರಿಗೆ ತಲಾ ಹತ್ತು ಸೆಂಟ್ಸ್ ಮೊದಲು ಅಳೆಸಿ ಕೊಡಿ, ಒಂದು ಬಾವಿ ತೋಡಿಸಿ. ಮಲ್ಲಿಗೆ ಗಿಡ ಹೂ ಬಿಡೋದಕ್ಕೆ ಹೆಚ್ಚು ವರ್ಷ ಕಾಯಬೇಕಾಗಿಲ್ಲ. ಶಂಕರಪುರದ ಕಟ್ಟೆಯಲ್ಲಿ ಆ ಹೂವಿಗೂ ಅದೇ ರೇಟು.